ಗಾಳಿಯಿಲ್ಲದ ಊರಿನ ಪೊಲೀಸರು

1987ರ ಜುಲೈ 6ರ ಸೋಮವಾರ ಬಿಬಿಸಿಯ ಎರಡನೇ ವಾಹಿನಿಯಲ್ಲಿ ‘ಸ್ಟಾರ್ ಕಾಪ್ಸ್’ ಧಾರಾವಾಹಿಯ ಮೊದಲ ಕಂತು ಬಂತು. ಅದು ತೆರೆದುಕೊಳ್ಳುವುದೇ ಎರಡು ಸಾವುಗಳೊಂದಿಗೆ. ಒಬ್ಬ ಭೂಮಿಯ ಮೇಲೆ, ಸರೋವರದ ನೀರಿನಲ್ಲಿ ಸಾಯುತ್ತಾನೆ. ಇನ್ನೊಬ್ಬ ಬಾಹ್ಯಾಕಾಶದಲ್ಲಿ, ತನ್ನ ಪೋಷಾಕಿನೊಳಗೇ. ಕ್ಯಾಮೆರಾ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಹೋಗಿಬರುತ್ತದೆ. ಎರಡೂ ಒಂದೇ ಸಾವು, ಉಸಿರಿಗೆ ಗಾಳಿ ಸಿಗದ ಸಾವು ಎಂದು ನೋಡುವವರಿಗೆ ಮಾತಿಲ್ಲದೆ ತಿಳಿಯುತ್ತದೆ. ಕೆಳಗಿನದ್ದನ್ನು ಪೊಲೀಸ್ ಕಂಪ್ಯೂಟರು ಆಕಸ್ಮಿಕವೆಂದು ಬರೆದು ಮುಗಿಸುತ್ತದೆ. ಮೇಲಿನದ್ದನ್ನು ಕೇಳುವವರೇ ಇಲ್ಲ. ಬೆನ್ನಿಗೆ ಕಟ್ಟಿಕೊಂಡ ಉಪಕರಣ ಕೆಟ್ಟು ಇಷ್ಟು ಜನ ಸಾಯಬಹುದು ಎಂಬ ಅಂದಾಜು ಮೊದಲೇ ಇದೆ. ಸತ್ತವರ ಸಂಖ್ಯೆ ಆ ಅಂದಾಜನ್ನು ದಾಟಿಲ್ಲ. ನೇಥನ್ ಸ್ಪ್ರಿಂಗ್ ಎಂಬ ಪೊಲೀಸ್ ಅಧಿಕಾರಿಗೆ ಈ ಲೆಕ್ಕ ಹಿಡಿಸುವುದಿಲ್ಲ. ಲೆಕ್ಕದ ಮರೆಯಲ್ಲಿ ಕೊಲೆಗಾರನೂ ನಿಂತಿರಬಹುದಲ್ಲ ಎಂಬುದು ಅವನ ತಕರಾರು. ಅದೇ ವರ್ಷ ಆಗಸ್ಟ್ 31ಕ್ಕೆ ಒಂಬತ್ತನೇ ಕಂತು ಮುಗಿಯಿತು. ಹತ್ತನೆಯದಕ್ಕೆ ಯೋಜನೆ ಇತ್ತು, ಆಗಲಿಲ್ಲ. ಎರಡನೇ ಸರಣಿ ಬರಲೇ ಇಲ್ಲ.

ವಿಜ್ಞಾನ ಕಥೆಗೂ ಪತ್ತೇದಾರಿಗೂ ಜಾತಕ ಕೂಡುವುದಿಲ್ಲ ಎಂಬ ಮಾತು ಹಳೆಯದು. ಅಮೆರಿಕದ ಸಂಪಾದಕ ಜಾನ್ ಕ್ಯಾಂಬೆಲ್ ಹಾಗೆ ವಾದಿಸಿದ್ದನ್ನು ಐಸಾಕ್ ಅಸಿಮೋವ್ ದಾಖಲಿಸಿದ್ದಾರೆ. ತಕರಾರು ಸುಳ್ಳೇನಲ್ಲ. ಪತ್ತೇದಾರಿ ಕಥೆ ಓದುಗನೊಂದಿಗೆ ಮಾಡಿಕೊಂಡ ಒಪ್ಪಂದ. ಸುಳಿವುಗಳೆಲ್ಲ ಅವನ ಕಣ್ಣೆದುರಿಗೇ ಇರಬೇಕು. ಕೊನೆಯ ಪುಟದಲ್ಲಿ ಪತ್ತೇದಾರ ಜೇಬಿನಿಂದ ಯಾವುದೋ ಹೊಸ ಯಂತ್ರ ತೆಗೆದು ಕೊಲೆಗಾರನನ್ನು ಹಿಡಿದರೆ ಅದು ಮೋಸ. ಅಸಿಮೋವ್ ಇದಕ್ಕೆ ಕೃತಿಯಲ್ಲೇ ಉತ್ತರ ಕೊಟ್ಟರು. 1953ರಲ್ಲಿ ಪತ್ರಿಕೆಯಲ್ಲಿ ಬಂದು ಮರುವರ್ಷ ಪುಸ್ತಕವಾದ ‘ದಿ ಕೇವ್ಸ್ ಆಫ್ ಸ್ಟೀಲ್’ನಲ್ಲಿ ಮೊದಲು ಆ ಊರಿನ ರೀತಿ ರಿವಾಜು, ರೋಬಾಟುಗಳ ಕಟ್ಟುಪಾಡು ಎಲ್ಲವನ್ನೂ ಓದುಗನಿಗೆ ಪರಿಚಯ ಮಾಡಿಸಿ, ಆ ಕಟ್ಟುಪಾಡಿನೊಳಗೇ ಒಗಟನ್ನು ಬಿಡಿಸಿದರು. ಅಂದರೆ ಜಾತಕ ಕೂಡುತ್ತದೆ, ಆದರೆ ವ್ಯವಧಾನ ಬೇಕು. ಊರಿನಲ್ಲಿ ಸಹಜವಾದದ್ದು ಯಾವುದು ಎಂದು ಗೊತ್ತಿಲ್ಲದವನಿಗೆ ಅಸಹಜವಾದದ್ದು ಕಣ್ಣಿಗೆ ಬೀಳುವುದಿಲ್ಲ. ‘ಸ್ಟಾರ್ ಕಾಪ್ಸ್’ ಸೋತದ್ದು ಕಥೆಯ ಜಾತಿಯಿಂದಲ್ಲ, ನೋಡುಗ ಆ ಊರಿಗೆ ಒಗ್ಗಿಕೊಳ್ಳುವ ಮೊದಲೇ ಅದು ನಿಂತುಹೋದದ್ದರಿಂದ ಎಂದು ನಾನು ನಂಬಿದ್ದೇನೆ.

ಟೆಲಿವಿಷನ್ ಆ ವ್ಯವಧಾನವನ್ನು ಅಪರೂಪಕ್ಕೆ ಕೊಡುತ್ತದೆ. ‘ಟೋಟಲ್ ರೀಕಾಲ್ 2070’ 1999ರಲ್ಲಿ 22 ಕಂತಿಗೆ ನಿಂತಿತು. ಫಾಕ್ಸ್ ವಾಹಿನಿಯ ‘ಆಲ್ಮೋಸ್ಟ್ ಹ್ಯೂಮನ್’ 2013ರಲ್ಲಿ ಶುರುವಾಗಿ 13 ಕಂತಿಗೆ ಮುಗಿಯಿತು. ಅದರ ಕಂತುಗಳನ್ನು ಬರೆದ ಕ್ರಮದಲ್ಲಿ ಪ್ರಸಾರವನ್ನೂ ಮಾಡಲಿಲ್ಲ. 2048ರ ನಗರವೊಂದನ್ನು ನೋಡುಗನಿಗೆ ಮೆಟ್ಟಿಲು ಮೆಟ್ಟಿಲಾಗಿ ಪರಿಚಯಿಸಬೇಕಾದ ಕಥೆಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಡ. ಹಾಗಾದರೆ 1993ರಿಂದ ಒಂಬತ್ತು ವರ್ಷ ನಿರಂತರವಾಗಿ ನಡೆದ ‘ದಿ ಎಕ್ಸ್-ಫೈಲ್ಸ್’ ಹೇಗೆ ಉಳಿಯಿತು ಎಂದು ಕೇಳಬಹುದು. ಅದರ ಜಗತ್ತು ನೋಡುಗನದೇ ಆಗಿತ್ತು: ಅದೇ ಕಾರು, ಅದೇ ಫೋನು, ಅದೇ ಕಚೇರಿ. ವಿಚಿತ್ರ ಎನ್ನುವುದು ಗೊತ್ತಿದ್ದ ಊರಿಗೆ ಬಂದ ಆಗಂತುಕ. ಊರನ್ನೇ ಹೊಸದಾಗಿ ಕಟ್ಟುವ ಕೆಲಸ ಅದಕ್ಕಿರಲಿಲ್ಲ.

‘ಸ್ಟಾರ್ ಕಾಪ್ಸ್’ ರೂಪಿಸಿದ ಕ್ರಿಸ್ ಬೌಚರ್ ಎರಡೂ ಮನೆಯ ಮನುಷ್ಯ. ಒಂದು ಕಡೆ ‘ಡಾಕ್ಟರ್ ಹೂ’, ‘ಬ್ಲೇಕ್ಸ್ 7’. ಇನ್ನೊಂದು ಕಡೆ ‘ಜೂಲಿಯೆಟ್ ಬ್ರೇವೊ’, ‘ಬರ್ಜರಾಕ್’ನಂಥ ಪೊಲೀಸ್ ಧಾರಾವಾಹಿಗಳು. ಒಂಬತ್ತು ಕಂತುಗಳಲ್ಲಿ ಐದನ್ನು ಅವರೇ ಬರೆದರು. ಅವರು ಹಿಡಿದ ದಾರಿ ಜಾಣತನದ್ದು. ಅನ್ಯಗ್ರಹದ ಜೀವಿಗಳಿಲ್ಲ, ಕಿರಣ ಹಾರಿಸುವ ಬಂದೂಕಿಲ್ಲ. ಕಥೆಯ ಕಾಲ 2027; ಊರು ಚಂದ್ರನ ನೆಲೆ ಮತ್ತು ಭೂಮಿಯನ್ನು ಸುತ್ತುವ ನಿಲ್ದಾಣಗಳು. ಅಲ್ಲಿ ಸಾಯಿಸುವುದು ನಿರ್ವಾತ, ಗಾಳಿ ಹೊರಹೋಗುವ ಬಿರುಕು, ಸರಿಯಾಗಿ ರಿಪೇರಿಯಾಗದ ಉಪಕರಣ. ಇದನ್ನೆಲ್ಲ ನೋಡುಗನಿಗೆ ಪಾಠ ಹೇಳಬೇಕಿಲ್ಲ.

ಈ ದಾರಿಯ ಫಲ ಎರಡನೇ ಕಂತಿನಲ್ಲಿ ಕಾಣುತ್ತದೆ. ಇಬ್ಬರಿರುವ ಸರಕುನೌಕೆಯೊಂದು ದಾರಿ ತಪ್ಪಿ ದೂರ ಸಾಗುತ್ತಿದೆ. ಅದನ್ನು ಮುಟ್ಟುವಷ್ಟರಲ್ಲಿ ಅವರು ಬದುಕಿರುವುದಿಲ್ಲ ಎಂದು ಗಣಿತ ಖಚಿತವಾಗಿ ಹೇಳುತ್ತದೆ. ಆದರೆ ಈ ಗಳಿಗೆಯಲ್ಲಿ ಇಬ್ಬರೂ ಗಟ್ಟಿಯಾಗಿದ್ದಾರೆ, ರೇಡಿಯೊದಲ್ಲಿ ಮಾತಾಡುತ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. ಇದು ಯಾರದೋ ಕೈವಾಡವಾದರೆ ಪೊಲೀಸರು ಕೊಲೆಯಾದವರನ್ನೇ ವಿಚಾರಣೆ ಮಾಡಬೇಕು. ಪತ್ತೇದಾರಿ ಸಾಹಿತ್ಯದಲ್ಲಿ ಹೆಣ ಎಂದೂ ಮಾತಾಡುವುದಿಲ್ಲ. ಅದರ ಬದಲು ಕಲೆ, ಗಾಯ, ನಿಂತ ಗಡಿಯಾರ ಮಾತಾಡಬೇಕು. ಇಲ್ಲಿ ಆ ಮೂಲ ನಿಯಮವೇ ತಲೆಕೆಳಗಾಗುತ್ತದೆ, ಅದೂ ಭೌತಶಾಸ್ತ್ರದ ಒಂದು ನಿಯಮವನ್ನೂ ಮುರಿಯದೆ. ಭೂಮಿಯ ಮೇಲೆ ನಡೆಯಲಾರದ, ಬಾಹ್ಯಾಕಾಶದಲ್ಲಿ ಮಾತ್ರ ನಡೆಯಬಲ್ಲ ಅಪರಾಧ ಇದು. ಎರಡು ಪ್ರಕಾರಗಳು ಕೂಡುವುದಿಲ್ಲ ಎನ್ನುವವರಿಗೆ ಈ ಒಂದು ಕಂತನ್ನು ತೋರಿಸಿದರೆ ಸಾಕು.

ದುಡ್ಡು ಸಾಲದೆ ಸೋತಿತು ಎನ್ನುವ ವಾದವನ್ನೂ ನೋಡೋಣ. ತಂತಿ ಕಟ್ಟಿ ತೇಲಿಸಿದ ನಟರು, ಸ್ಟುಡಿಯೊದ ಇಕ್ಕಟ್ಟು ತೆರೆಯ ಮೇಲೆ ಕಾಣುತ್ತವೆ, ನಿಜ. ಆದರೆ ಜೆರ್ರಿ ಆಂಡರ್ಸನ್ 1994ರಲ್ಲಿ ಧಾರಾಳವಾಗಿ ಖರ್ಚು ಮಾಡಿ ತಂದ ‘ಸ್ಪೇಸ್ ಪ್ರಿಸಿಂಕ್ಟ್’ ಕೂಡ 24 ಕಂತಿಗೇ ನಿಂತಿತು. ಅದೇ ಬಿಬಿಸಿ ಎರಡನೇ ವಾಹಿನಿಯಲ್ಲಿ 1988ರಲ್ಲಿ ಕಡಿಮೆ ಖರ್ಚಿನ ಸೆಟ್‌ಗಳಲ್ಲಿ ಶುರುವಾದ ‘ರೆಡ್ ಡ್ವಾರ್ಫ್’ ಸರಣಿಯ ಮೇಲೆ ಸರಣಿ ಕಂಡಿತು. ಹಾಸ್ಯಕ್ಕೆ ಪಾತ್ರಗಳ ಪರಿಚಯವಾದರೆ ಸಾಕು. ಪತ್ತೇದಾರಿಗೆ ಇಡೀ ಊರಿನ ಪರಿಚಯ ಬೇಕು. ಬ್ರಿಟನ್ನಿನಲ್ಲಿ ರಾತ್ರಿ ಬಹಳ ಹೊತ್ತಿನವರೆಗೆ ಬೆಳಕಿರುವ, ಜನ ರಜೆಗೆ ಹೊರಟುಹೋಗುವ ಜುಲೈ, ಆಗಸ್ಟ್ ತಿಂಗಳಲ್ಲಿ ಒಂಬತ್ತು ಸೋಮವಾರಗಳಷ್ಟೇ ಸಿಕ್ಕರೆ ಆ ಪರಿಚಯ ಬೆಳೆಯುವುದು ಕಷ್ಟ.

ದೋಷಗಳನ್ನು ಮುಚ್ಚಿಡುವುದು ಸರಿಯಲ್ಲ. ಜಪಾನೀಯರು, ಇಟಲಿಯವರು ತೆರೆಗೆ ಬಂದಾಗ ಬರವಣಿಗೆ ಸಿದ್ಧಮಾದರಿಗೆ ಜಾರುತ್ತದೆ. ಕಾಲಿನ್ ಡೇವಿಸ್ ಪಾತ್ರ ಹೆಂಗಸರ ಬಗ್ಗೆ ಆಡುವ ಮಾತುಗಳನ್ನು ಇಂದು ಕೇಳುವುದು ಹಿಂಸೆ. ಎಲ್ಲ ದೇಶದವರೂ ಒಟ್ಟಿಗೆ ಬಾಳುವ ಊರನ್ನು ಕಟ್ಟಲು ಹೊರಟ ಕೃತಿಯಲ್ಲಿ ಇವು ಸಣ್ಣ ತಪ್ಪುಗಳಲ್ಲ. ಆ ಊರನ್ನು ನಂಬುವುದಕ್ಕೇ ಅಡ್ಡಬರುತ್ತವೆ.

ಭವಿಷ್ಯವನ್ನು ತಪ್ಪಾಗಿ ಊಹಿಸಿತು ಎನ್ನುವ ಆಕ್ಷೇಪವನ್ನು ಮಾತ್ರ ನಾನು ಒಪ್ಪಲಾರೆ. ಅದರ 2027ರಲ್ಲಿ ಸೋವಿಯತ್ ಒಕ್ಕೂಟ ಇನ್ನೂ ಇದೆ. ಚಂದ್ರನೆಲೆಯ ಉಸ್ತುವಾರಿ ಕ್ರಿವೆಂಕೊ ಎಂಬ ರಷ್ಯನ್ನನದು. ಅದು ಹಾಗಾಗಲಿಲ್ಲ. ಆದರೆ ಹಲವು ದೇಶದವರು ಒಂದೇ ಗಾಳಿ ಉಸಿರಾಡುವ ಕಡೆ ಅಪರಾಧ ನಡೆದರೆ ಯಾರ ಕಾನೂನು, ಯಾರ ಪೊಲೀಸರು ಎಂಬ ಪ್ರಶ್ನೆಯನ್ನು ಅದು ಸರಿಯಾಗಿ ಹಿಡಿದಿತ್ತು. 1967ರ ಬಾಹ್ಯಾಕಾಶ ಒಪ್ಪಂದ ನೌಕೆ ಮತ್ತು ಅದರಲ್ಲಿರುವವರ ಮೇಲಿನ ಅಧಿಕಾರವನ್ನು ಆ ನೌಕೆಯನ್ನು ನೋಂದಾಯಿಸಿದ ದೇಶಕ್ಕೆ ಕೊಟ್ಟಿತು. 1998ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕಾಗಿ ಪಾಲುದಾರ ದೇಶಗಳು ಮಾಡಿಕೊಂಡ ಒಪ್ಪಂದದ 22ನೇ ವಿಧಿ, ಕ್ರಿಮಿನಲ್ ಪ್ರಕರಣಗಳಲ್ಲಿ ಆಯಾ ದೇಶ ತನ್ನ ಪ್ರಜೆಗಳ ಮೇಲೆ ಅಧಿಕಾರ ಚಲಾಯಿಸಬಹುದು ಎಂದಿತು. 2022ರಲ್ಲಿ ಕೆನಡಾ ತನ್ನ ದಂಡಸಂಹಿತೆಯನ್ನು ತಿದ್ದಿ, ಕೆನಡಾದ ಗಗನಯಾತ್ರಿಗಳು ಚಂದ್ರನ ನೆಲದಲ್ಲಿ ಎಸಗುವ ಅಪರಾಧಕ್ಕೂ ಅದು ಅನ್ವಯವಾಗುವಂತೆ ಮಾಡಿತು. ಬೌಚರ್ ಕಲ್ಪಿಸಿದ ಅಂತರರಾಷ್ಟ್ರೀಯ ಬಾಹ್ಯಾಕಾಶ ಪೊಲೀಸ್ ಪಡೆ ಮಾತ್ರ ಇನ್ನೂ ಹುಟ್ಟಿಲ್ಲ.

ಇನ್ನೊಂದು ಸಾಕ್ಷ್ಯ ಬಾಕಿ ಇದೆ. ಬೌಚರ್ ಈ ಕಥೆಯನ್ನು ಮೊದಲು ಯೋಚಿಸಿದ್ದು ರೇಡಿಯೊಗೆ. 31 ವರ್ಷಗಳ ನಂತರ, 2018ರಲ್ಲಿ, ಬಿಗ್ ಫಿನಿಶ್ ಸಂಸ್ಥೆ ಅದನ್ನು ಧ್ವನಿನಾಟಕವಾಗಿ ಮತ್ತೆ ಶುರುಮಾಡಿತು. ಸ್ಪ್ರಿಂಗ್ ಆಗಿದ್ದ ಡೇವಿಡ್ ಕಾಲ್ಡರ್, ಡೇವಿಸ್ ಆಗಿದ್ದ ಟ್ರೆವರ್ ಕೂಪರ್, ಪಾಲ್ ಕೆನ್ಜಿಯಾಗಿದ್ದ ಲಿಂಡಾ ನ್ಯೂಟನ್ ಹಳೆಯ ಪಾತ್ರಗಳಿಗೇ ಮರಳಿದರು. ಈ ಬಾರಿ ತಂತಿಯಿಲ್ಲ, ಸೆಟ್ ಇಲ್ಲ. ಕತ್ತಲಲ್ಲಿ ಕುಳಿತು ಕೇಳುವವನಿಗೆ ಗಾಳಿಯಿಲ್ಲದ ಆ ಊರು ಮನುಷ್ಯರ ಮಾತಿನಿಂದಲೇ ಎದ್ದು ನಿಲ್ಲುತ್ತದೆ.