ಎರೆಸೀಮೆಯ ಚಳಿಯೂ ಹಿರಿಯರ ಮಿತವ್ಯಯವೂ



ಚಳಿಗಾಲದಲ್ಲಿ ಕಡಿಮೆ ಖರ್ಚಿನಲ್ಲಿ ಮನೆಯನ್ನು ಬೆಚ್ಚಗಿಡುವುದು ಹೇಗೆಂಬ ಪ್ರಶ್ನೆಗೆ ನಮ್ಮ ನವಲಗುಂದ, ಅಣ್ಣಿಗೇರಿ ಸೀಮೆಯ ಹಿರಿಯರು ಕಂಡುಕೊಂಡ ಉತ್ತರ ಸರಳವಾದುದು: ಹೊಸದಾಗಿ ಬೆಂಕಿ ಹೊತ್ತಿಸುವುದಕ್ಕಿಂತ ಇದ್ದ ಬಿಸಿಯನ್ನು ಕಾಯ್ದುಕೊಳ್ಳುವುದು ಮೇಲು. ಈ ವಿವೇಕ ಕೊರತೆಯಿಂದ ಹುಟ್ಟಿದ್ದು.

ಧಾರವಾಡ ಜಿಲ್ಲೆಯ ಪೂರ್ವಭಾಗ ಎರೆಭೂಮಿ. ಬೇಸಿಗೆಯಲ್ಲಿ ಬಿರುಕು ಬಿಡುವ ಈ ಕರಿಮಣ್ಣಿನಲ್ಲಿ ಮರಗಳು ವಿರಳ. ಪಶ್ಚಿಮದ ಕಲಘಟಗಿಯವರಿಗೆ ಕಾಡಿನ ಕಟ್ಟಿಗೆ ದೊರೆಯುತ್ತಿತ್ತು. ನಮ್ಮವರು ಉರುವಲನ್ನು ಹೊಲದಲ್ಲಿಯೇ ಅರಸಬೇಕಿತ್ತು. ಅಮೆರಿಕದ ಅಂತರ್ಯುದ್ಧದ (1861–65) ಕಾಲದಲ್ಲಿ ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬಾರದಂತಾದಾಗ ಧಾರವಾಡದ ಹತ್ತಿಗೆ ಬೇಡಿಕೆ ಏರಿದುದನ್ನು ನಾನು ತರಗತಿಯಲ್ಲಿ ಪಾಠ ಮಾಡಿದ್ದುಂಟು. ಅರಳೆ ದೂರದ ಗಿರಣಿಗೆ ಹೋದರೆ, ಒಣಗಿದ ಹತ್ತಿಕಟ್ಟಿಗೆ ರೈತನ ಹಿತ್ತಲಿಗೆ ಬರುತ್ತಿತ್ತು.

ಹತ್ತಿಕಟ್ಟಿಗೆ ಭರ್ರನೆ ಉರಿದು ಬೇಗ ಬೂದಿಯಾಗುತ್ತದೆ. ಕುಳ್ಳಾದರೋ ಮೆಲ್ಲಗೆ ಉರಿದು ಬಹಳ ಹೊತ್ತು ಕೆಂಡ ಹಿಡಿಯುತ್ತದೆ. ಆದ್ದರಿಂದ ರೊಟ್ಟಿಗೆ ಕಟ್ಟಿಗೆ, ಹಾಲು ಕಾಯಿಸಲು ಕುಳ್ಳು. ಒಲೆಯ ಪಕ್ಕದ ಕೋಡೊಲೆ ಹಾದುಹೋಗುವ ಬಿಸಿಯಲ್ಲಿಯೇ ಇನ್ನೊಂದು ಪಾತ್ರೆಯನ್ನು ಕಾಯಿಸುತ್ತಿತ್ತು. ರಾತ್ರಿ ಕೆಂಡದ ಮೇಲೆ ಬೂದಿ ಮುಚ್ಚಿಟ್ಟರೆ ಬೆಳಗಿನ ಬೆಂಕಿಗೆ ಕಡ್ಡಿಪೆಟ್ಟಿಗೆಯೂ ಬೇಡ. ಚಳಿ ಕಾಯಿಸಲೆಂದು ಪ್ರತ್ಯೇಕ ಉರುವಲನ್ನು ಸುಡುವುದು ನಮ್ಮ ಮನೆಗಳಲ್ಲಿ ಅಪರೂಪವಾಗಿತ್ತು.

ಇನ್ನು ಮನೆಯ ರಚನೆ. ದಪ್ಪ ಮಣ್ಣಿನ ಗೋಡೆ, ತೊಲೆ-ಜಂತಿಗಳ ಮೇಲೆ ಹರವಿದ ಮಣ್ಣಿನ ಮಾಳಿಗೆ, ಸಣ್ಣ ಕಿಟಕಿ, ನೆತ್ತಿಯ ಮೇಲೊಂದು ಬೆಳಕಿಂಡಿ. ಹಗಲಿನ ಬಿಸಿಲನ್ನು ಹೀರಿದ ಮಣ್ಣು ರಾತ್ರಿಯಿಡೀ ಅದನ್ನು ನಿಧಾನವಾಗಿ ಬಿಟ್ಟುಕೊಡುತ್ತಿತ್ತು. ಬಾಗಿಲು ದಾಟಿದೊಡನೆ ದನಗಳ ಅಂಕಣ, ಅದಕ್ಕಿಂತ ಎತ್ತರದಲ್ಲಿ ನಾವು ಮಲಗುವ ಪಡಸಾಲೆ. ಎತ್ತುಗಳ ಮೈಬಿಸಿಯೂ ಮನೆಗೆ ಒದಗುತ್ತಿತ್ತು. ನೆಲಕ್ಕೆ ಜಮಖಾನ, ಮೇಲೆ ಕುರಿಯ ಉಣ್ಣೆಯ ಕಂಬಳಿ, ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ. ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿಯೇ ಬಿಸಿಯನ್ನು ತಡೆಯುತ್ತದೆಂಬ ವಿಜ್ಞಾನ ಕೌದಿ ಹೊಲಿದ ಅಜ್ಜಿಗೆ ಅನುಭವದಿಂದಲೇ ತಿಳಿದಿತ್ತು. ನವಲಗುಂದದ ಜಮಖಾನಕ್ಕೆ 2011ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಕೌದಿ ಹೊಲಿದ ಕೈಗಳ ಹೆಸರು ಎಲ್ಲಿಯೂ ದಾಖಲಾಗಲಿಲ್ಲ.

ಆದರೆ ಈ ಮಿತವ್ಯಯದ ಲೆಕ್ಕದಲ್ಲಿ ಬರೆಯದೆ ಉಳಿದ ಒಂದು ಖರ್ಚಿತ್ತು. ಬೆಳಕಿಂಡಿ ಇದ್ದರೂ ಕುಳ್ಳಿನ ಹೊಗೆಯೆಲ್ಲ ಹೊರಗೆ ಹೋಗುತ್ತಿರಲಿಲ್ಲ. ಅದನ್ನು ಕಣ್ಣಿನಿಂದ, ಪುಪ್ಪುಸದಿಂದ ತೆತ್ತವರು ನಮ್ಮ ತಾಯಂದಿರು. ಗೊಬ್ಬರವಾಗಬೇಕಿದ್ದ ಸಗಣಿಯೂ ಹೊಲಕ್ಕೆ ಸೇರದೆ ಒಲೆ ಸೇರಿತು. ಇದನ್ನರಿತೇ 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಕಡಿಮೆ ಕಟ್ಟಿಗೆಯ, ಹೊಗೆಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿತು. 2016ರಲ್ಲಿ ಉಜ್ವಲಾ ಯೋಜನೆ ಬಂದು ಅನೇಕ ಬಡ ಮನೆಗಳಿಗೂ ಗ್ಯಾಸ್ ತಲುಪಿತು. ಅಡುಗೆಮನೆಯ ಹೊಗೆ ಕಡಿಮೆಯಾದುದು ಸಂತೋಷದ ಸಂಗತಿ.

ಈಗ ನಿಮ್ಮಲ್ಲಿ ಹಲವರು ಕಾಂಕ್ರೀಟ್ ಮನೆಗಳಲ್ಲಿದ್ದೀರಿ. ಬೆಳಕಿಂಡಿ ಇಲ್ಲ, ಕಿಟಕಿಗಳು ಗಾಳಿಯಾಡದಂತೆ ಮುಚ್ಚಿಕೊಳ್ಳುತ್ತವೆ. ಇಂಥ ಕೋಣೆಯಲ್ಲಿ ಹಳೆಯ ನೆನಪಿಗೆಂದು ಕೆಂಡದ ಅಗ್ಗಿಷ್ಟಿಕೆಯಿಟ್ಟು ಮಲಗುವುದು ಪ್ರಾಣಾಪಾಯ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರಿಗೆ ಎಚ್ಚರವಾಗುವುದೇ ಇಲ್ಲ. ಹೊಗೆ ಕಾಣುತ್ತಿಲ್ಲವೆಂದು ಧೈರ್ಯ ತಾಳಬೇಡಿರಿ.

ಹಿರಿಯರಿಂದ ಕಲಿಯುವುದಾದರೆ ಅವರ ಕೆಂಡವನ್ನು ಬಿಟ್ಟು ಕೌದಿಯನ್ನು ಕಲಿಯಿರಿ. ಹಗಲು ಕಿಟಕಿ ತೆರೆದು ಬಿಸಿಲನ್ನು ಒಳಗೆ ಬಿಡಿರಿ, ಸಂಜೆಗೆ ದಪ್ಪ ಪರದೆ ಎಳೆಯಿರಿ, ತಣ್ಣನೆಯ ನೆಲಕ್ಕೆ ಜಮಖಾನ ಹಾಸಿರಿ, ಹಳೆಯ ಸೀರೆಗಳನ್ನು ಪಾತ್ರೆಯವರಿಗೆ ಕೊಡುವ ಮುನ್ನ ಕೌದಿ ಹೊಲಿಯಬಲ್ಲ ಅಜ್ಜಿ ನಿಮ್ಮೂರಿನಲ್ಲಿ ಇನ್ನೂ ಇದ್ದಾರೆಯೇ ಎಂದು ವಿಚಾರಿಸಿರಿ.