ವಾಹನ ಮಾರಾಟ ಮಳಿಗೆಯ ಸಾಲದ ಪ್ರಸ್ತಾವ ಮತ್ತು ಕ್ರೆಡಿಟ್ ಸ್ಕೋರ್: ಅರ್ಜಿದಾರರಿಗೆ ಮಾಹಿತಿ

ಸಾಲದ ನೆರವಿನಿಂದ ಹೊಸ ಕಾರು ಖರೀದಿಸಿ ನೋಂದಣಿಗೆ ಅರ್ಜಿ ಸಲ್ಲಿಸುವ ನಾಗರಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ. ನೋಂದಣಿ ಪ್ರಾಧಿಕಾರವು ಮೋಟಾರು ವಾಹನಗಳ ಅಧಿನಿಯಮ, 1988ರ 51ನೇ ಪ್ರಕರಣದ ಅನ್ವಯ ಸಾಲ ನೀಡಿದ ಸಂಸ್ಥೆಯ ಹೆಸರನ್ನು ನೋಂದಣಿ ಪತ್ರದಲ್ಲಿ ನಮೂದಿಸುತ್ತದೆಯೇ ಹೊರತು ಬಡ್ಡಿಯ ದರ ನ್ಯಾಯವೋ ಅಲ್ಲವೋ ಎಂಬುದನ್ನು ಪರಿಶೀಲಿಸುವುದಿಲ್ಲ. ಆದ್ದರಿಂದ ಸಾಲದ ಷರತ್ತುಗಳ ಬಗ್ಗೆ ಎಚ್ಚರ ವಹಿಸಬೇಕಾದ ಕಾಲ ಮಳಿಗೆಯಲ್ಲಿ ಸಹಿ ಮಾಡುವುದಕ್ಕೆ ಮುಂಚಿನದು.

ಕ್ರೆಡಿಟ್ ಸ್ಕೋರ್ ಎಂದರೇನು?

ವ್ಯಕ್ತಿಯೊಬ್ಬನು ಹಿಂದೆ ಪಡೆದ ಸಾಲ ಹಾಗೂ ಕ್ರೆಡಿಟ್ ಕಾರ್ಡ್ ಬಾಕಿಗಳನ್ನು ತೀರಿಸಿದ ರೀತಿಯನ್ನು ಆಧರಿಸಿ ನೀಡಲಾಗುವ, ಸಾಮಾನ್ಯವಾಗಿ 300ರಿಂದ 900ರವರೆಗಿನ ಅಂಕವೇ ಕ್ರೆಡಿಟ್ ಸ್ಕೋರ್. ಜನರು ಇದನ್ನು ವಾಡಿಕೆಯಲ್ಲಿ ಸಿಬಿಲ್ ಎಂದೇ ಕರೆಯುತ್ತಾರೆ. ಆದರೆ ಟ್ರಾನ್ಸ್‌ಯೂನಿಯನ್ ಸಿಬಿಲ್ ಅಲ್ಲದೆ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್ ಸಂಸ್ಥೆಗಳೂ 2005ರ ಸಾಲ ಮಾಹಿತಿ ಕಂಪನಿಗಳ ಅಧಿನಿಯಮದ ಅಡಿಯಲ್ಲಿ ಕಾರ್ಯನಿರ್ವಹಿಸುತ್ತವೆ. ಒಬ್ಬನೇ ವ್ಯಕ್ತಿಗೆ ನಾಲ್ಕು ಕಡೆ ನಾಲ್ಕು ಅಂಕಗಳಿರುವುದು ಅಸಹಜವಲ್ಲ. ಬ್ಯಾಂಕುಗಳು 750 ಅಥವಾ ಅದಕ್ಕೂ ಮೇಲ್ಪಟ್ಟ ಅಂಕವನ್ನು ಸಾಮಾನ್ಯವಾಗಿ ಉತ್ತಮವೆಂದು ಪರಿಗಣಿಸುತ್ತವೆಯಾದರೂ ಇಂತಿಷ್ಟೇ ಅಂಕ ಬೇಕೆಂದು ಯಾವ ಕಾನೂನೂ ನಿಗದಿಪಡಿಸಿಲ್ಲ.

ಕಂತುಗಳನ್ನು ತಡವಾಗಿ ಕಟ್ಟುವುದು, ಕಾರ್ಡಿನ ಮಿತಿಯ ಬಹುಪಾಲನ್ನು ಸದಾ ಬಳಸಿಕೊಂಡಿರುವುದು, ಅಲ್ಪಾವಧಿಯಲ್ಲಿ ಅನೇಕ ಸಾಲಗಳಿಗೆ ಅರ್ಜಿ ಹಾಕುವುದು ಅಂಕವನ್ನು ತಗ್ಗಿಸುತ್ತವೆ. ಬಾಕಿಯ ಒಂದು ಭಾಗವನ್ನು ಮಾತ್ರ ಪಾವತಿಸಿ ರಾಜಿಯಾದ ಸಾಲವು ವರದಿಯಲ್ಲಿ 'ಸೆಟಲ್ಡ್' ಎಂದು ದಾಖಲಾಗುತ್ತದೆ. ಇದು 'ಕ್ಲೋಸ್ಡ್' ಎಂಬುದಕ್ಕೆ ಸಮನಲ್ಲ. ಇತರರ ಸಾಲಕ್ಕೆ ಜಾಮೀನು ನಿಂತವರ ವರದಿಯಲ್ಲಿಯೂ ಆ ಸಾಲ ಕಾಣಿಸಿಕೊಳ್ಳಬಹುದೆಂಬುದನ್ನು ಬಹುತೇಕರು ಮಳಿಗೆಯಲ್ಲಿ ಅರ್ಜಿ ತಿರಸ್ಕೃತವಾದ ಬಳಿಕವೇ ಅರಿಯುತ್ತಾರೆ.

ಈವರೆಗೆ ಸಾಲವನ್ನೇ ಪಡೆಯದವರಿಗೆ ಅಂಕ ಇರುವುದಿಲ್ಲ. ಮೊದಲ ಬಾರಿ ಸಾಲ ಕೇಳುವವರ ಅರ್ಜಿಯನ್ನು ಹಿಂದಿನ ಸಾಲದ ದಾಖಲೆ ಇಲ್ಲವೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕ್ 2025ರ ಜನವರಿಯ ನಿರ್ದೇಶನದಲ್ಲಿ ಸೂಚಿಸಿದೆ.

ಮಳಿಗೆಯಲ್ಲಿ ದರ ನಿರ್ಧಾರವಾಗುವ ಬಗೆ

ಸಾಲ ನೀಡುವುದು ಮಳಿಗೆಯಲ್ಲ, ಬ್ಯಾಂಕ್ ಅಥವಾ ಹಣಕಾಸು ಕಂಪನಿ. ಮಳಿಗೆಯು ಅರ್ಜಿಯನ್ನು ಅವುಗಳಿಗೆ ತಲುಪಿಸುವ ಮಧ್ಯವರ್ತಿಯಾಗಿದ್ದು, ಈ ಕೆಲಸಕ್ಕೆ ಅದಕ್ಕೆ ಕಮಿಷನ್ ದೊರೆಯುವುದುಂಟು. ಇದು ಕಾನೂನುಬಾಹಿರವಲ್ಲ. ಆದರೆ ಮಳಿಗೆಯವರು ಮೊದಲು ಮುಂದಿಡುವ ಪ್ರಸ್ತಾವವು ಅರ್ಜಿದಾರರ ಅಂಕಕ್ಕೆ ದೊರೆಯಬಹುದಾದ ಅತಿ ಕಡಿಮೆ ದರದ್ದೇ ಆಗಿರಬೇಕೆಂಬ ನಿಯಮವಿಲ್ಲ. ಕೆಲವು ಸಾರ್ವಜನಿಕ ವಲಯದ ಬ್ಯಾಂಕುಗಳು ಕಾರು ಸಾಲದ ದರವನ್ನು ಅಂಕಗಳ ಶ್ರೇಣಿಗೆ ಅನುಗುಣವಾಗಿ ತಮ್ಮ ಜಾಲತಾಣಗಳಲ್ಲಿ ಪ್ರಕಟಿಸುತ್ತವೆ. ತಮ್ಮ ಅಂಕವನ್ನು ಮೊದಲೇ ಅರಿತು ಈ ಪಟ್ಟಿಯನ್ನು ನೋಡಿಕೊಂಡು ಹೋದವರು ಮಳಿಗೆಯ ದರವನ್ನು ತೂಗಿ ನೋಡಬಲ್ಲರು. ಅಂಕವನ್ನೇ ಅರಿಯದವರು "ನಿಮ್ಮ ಸಿಬಿಲ್‌ಗೆ ಇಷ್ಟೇ ಬರುವುದು" ಎಂಬ ಮಾತನ್ನು ಒಪ್ಪದೆ ಗತ್ಯಂತರವಿಲ್ಲ.

ದರದ ವ್ಯತ್ಯಾಸ ಕೇಳಲು ಸಣ್ಣದು. ಉದಾಹರಣೆಗೆ, ರೂ. 6,00,000 ಸಾಲವನ್ನು 60 ತಿಂಗಳಲ್ಲಿ ತೀರಿಸುವುದಾದರೆ ಶೇ. 9ರ ದರದಲ್ಲಿ ಮಾಸಿಕ ಕಂತು ಸುಮಾರು ರೂ. 12,455, ಶೇ. 12ರಲ್ಲಿ ಸುಮಾರು ರೂ. 13,347. ಐದು ವರ್ಷಗಳಲ್ಲಿ ತೆರುವ ಹೆಚ್ಚುವರಿ ಮೊತ್ತ ಸುಮಾರು ರೂ. 53,500.

ಫ್ಲ್ಯಾಟ್ ದರದ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ಇದೇ ಸಾಲಕ್ಕೆ "ಶೇ. 6 ಮಾತ್ರ" ಎಂದು ಫ್ಲ್ಯಾಟ್ ದರ ಹೇಳಿದಲ್ಲಿ, ಅಸಲು ಕಡಿಮೆಯಾಗುತ್ತ ಬಂದರೂ ಪ್ರತಿ ವರ್ಷ ಪೂರ್ಣ ರೂ. 6,00,000ಕ್ಕೆ ಬಡ್ಡಿ ಲೆಕ್ಕವಾಗುತ್ತದೆ. ಐದು ವರ್ಷದ ಬಡ್ಡಿ ರೂ. 1,80,000 ಆಗಿ, ಕಂತು ರೂ. 13,000ಕ್ಕೆ ನಿಲ್ಲುತ್ತದೆ. ಇಳಿಕೆ ಬಾಕಿಯ ಲೆಕ್ಕದಲ್ಲಿ ಇದು ಸುಮಾರು ಶೇ. 10.85ಕ್ಕೆ ಸಮ, ಅಂದರೆ ಬ್ಯಾಂಕಿನ ಶೇ. 9ಕ್ಕಿಂತ ದುಬಾರಿ. ಕಡಿಮೆ ಬಡ್ಡಿಯ ಯೋಜನೆಯನ್ನು ಆಯ್ದುಕೊಂಡರೆ ಕಾರಿನ ಬೆಲೆಯ ಮೇಲಿನ ನಗದು ರಿಯಾಯಿತಿ ಕೈತಪ್ಪುವುದೂ ಉಂಟು. ಆದುದರಿಂದ ಕಾರಿನ ಬೆಲೆಯನ್ನು ಮೊದಲು ಇತ್ಯರ್ಥಪಡಿಸಿಕೊಂಡು ಸಾಲದ ಮಾತನ್ನು ಅನಂತರ ಎತ್ತುವುದು ಲೇಸು.

ಸಹಿ ಮಾಡುವ ಮುನ್ನ

2024ರ ಅಕ್ಟೋಬರ್ 1ರಿಂದ ಚಿಲ್ಲರೆ ಸಾಲಗಳಿಗೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಎಂಬ ವಿವರಣಾ ಪತ್ರವನ್ನು ನೀಡುವುದು ಸಾಲದಾತರಿಗೆ ಕಡ್ಡಾಯವಾಗಿದೆ. ಬಡ್ಡಿಯ ಜೊತೆಗೆ ಸಂಸ್ಕರಣಾ ಶುಲ್ಕ ಮುಂತಾದ ವೆಚ್ಚಗಳನ್ನೂ ಸೇರಿಸಿದ ವಾರ್ಷಿಕ ಶೇಕಡಾವಾರು ದರವನ್ನು ಇದರಲ್ಲಿ ತೋರಿಸಿರತಕ್ಕದ್ದು. ಎರಡು ಪ್ರಸ್ತಾವಗಳನ್ನು ಹೋಲಿಸಲು ಮಾಸಿಕ ಕಂತಿಗಿಂತ ಈ ದರವೇ ಸರಿಯಾದ ಅಳತೆ, ಏಕೆಂದರೆ ಅವಧಿಯನ್ನು ಏಳು ವರ್ಷಕ್ಕೆ ಹಿಗ್ಗಿಸಿ ಯಾವ ಕಂತನ್ನಾದರೂ ಸಣ್ಣದಾಗಿ ತೋರಿಸಬಹುದು. ಪತ್ರವು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ಕೇಳಲು ಹಿಂಜರಿಯಬೇಕಾಗಿಲ್ಲ. ಇಂತಹ ಸಾಲಗಳಲ್ಲಿ ಪತ್ರದ ಷರತ್ತುಗಳು ಕನಿಷ್ಠ ಮೂರು ಕೆಲಸದ ದಿನಗಳವರೆಗೆ ಊರ್ಜಿತವಾಗಿರಬೇಕಾದ ಕಾರಣ, "ಈ ದರ ಇಂದಿಗೆ ಮಾತ್ರ" ಎಂಬ ಒತ್ತಡಕ್ಕೆ ಮಣಿಯುವ ಅಗತ್ಯವಿಲ್ಲ.

ಒಂದೇ ಅರ್ಜಿಯನ್ನು ಮಳಿಗೆಯವರು ಹಲವು ಸಂಸ್ಥೆಗಳಿಗೆ ಏಕಕಾಲದಲ್ಲಿ ರವಾನಿಸಿದರೆ ಪ್ರತಿಯೊಂದು ಸಂಸ್ಥೆಯ ವಿಚಾರಣೆಯೂ ಅರ್ಜಿದಾರರ ವರದಿಯಲ್ಲಿ ದಾಖಲಾಗುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮೊದಲು ಯಾವ ಯಾವ ಸಂಸ್ಥೆಗಳಿಗೆ ಕಳುಹಿಸಲಾಗುವುದೆಂದು ಕೇಳಿ ತಿಳಿದುಕೊಳ್ಳುವುದು. ತನ್ನ ಅಂಕವನ್ನು ತಾನೇ ನೋಡಿಕೊಳ್ಳುವುದರಿಂದ ಅಂಕ ಕಡಿಮೆಯಾಗುವುದಿಲ್ಲ.

ವರದಿಯಲ್ಲಿ ತಪ್ಪಿದ್ದಲ್ಲಿ

ಮೇಲ್ಕಂಡ ಪ್ರತಿಯೊಂದು ಕಂಪನಿಯಿಂದಲೂ ವರ್ಷಕ್ಕೊಮ್ಮೆ ಅಂಕಸಹಿತ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು. ಕಾರು ಕಾಯ್ದಿರಿಸುವುದಕ್ಕೆ ಎರಡು ಮೂರು ತಿಂಗಳು ಮೊದಲೇ ಪಡೆಯುವುದು ಉತ್ತಮ. ತೀರಿದ ಸಾಲ ಬಾಕಿಯೆಂದು ಕಂಡುಬಂದರೆ ಸಂಬಂಧಿಸಿದ ಬ್ಯಾಂಕಿಗೆ ಅಥವಾ ಮಾಹಿತಿ ಕಂಪನಿಗೆ ದೂರು ಸಲ್ಲಿಸತಕ್ಕದ್ದು. 30 ದಿನಗಳಲ್ಲಿ ಇತ್ಯರ್ಥವಾಗದಿದ್ದಲ್ಲಿ ದಿನವೊಂದಕ್ಕೆ ರೂ. 100ರಂತೆ ಪರಿಹಾರ ಪಡೆಯಲು ದೂರುದಾರರು ಅರ್ಹರು. ಈ ವ್ಯವಸ್ಥೆ 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿದೆ. ಆಗಲೂ ಪರಿಹಾರ ದೊರೆಯದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ಮೊರೆ ಹೋಗಬಹುದು.

ಸಾಲ ತೀರಿದ ನಂತರ

ಕೊನೆಯ ಕಂತು ಕಟ್ಟಿದ ಮಾತ್ರಕ್ಕೆ ನೋಂದಣಿ ಪತ್ರದಲ್ಲಿನ ಸಾಲದಾತರ ಹೆಸರು ತಾನಾಗಿ ಅಳಿಯುವುದಿಲ್ಲ. ಸಾಲದಾತರಿಂದ ನಿರಾಕ್ಷೇಪಣಾ ಪತ್ರವನ್ನೂ ಅವರ ಸಹಿಯುಳ್ಳ ನಮೂನೆ 35ನ್ನೂ ಪಡೆದು, ನಿಗದಿತ ಶುಲ್ಕದೊಂದಿಗೆ ನೋಂದಣಿ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬೇಕು. ಅಲ್ಲಿಯವರೆಗೆ ಸಾಲದಾತರ ಒಪ್ಪಿಗೆಯಿಲ್ಲದೆ ವಾಹನವನ್ನು ಬೇರೊಬ್ಬರ ಹೆಸರಿಗೆ ವರ್ಗಾಯಿಸಲು ಬರುವುದಿಲ್ಲ.