ಕಡತದಲ್ಲಿ ಆರೋಪಿ, ಪೆಟ್ಟಿಗೆಯಲ್ಲಿ ಮನುಷ್ಯ



ನಮ್ಮ ಕೊಕ್ಕರೆ ಬೆಳ್ಳೂರಿಗೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ತಲೆಮಾರುಗಳಿಂದ ಬರುತ್ತಿವೆ. ಆದರೆ ಹೊರಜಗತ್ತು ಅವುಗಳತ್ತ ಗಮನವಿಟ್ಟು ನೋಡಿದ್ದು 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಇಲ್ಲಿನ ಗೂಡುಗಳನ್ನು ಗುರುತಿಸಿದ ಮೇಲೆ. ದಾಖಲೆ ಆರಂಭವಾದ ವರ್ಷವೇ ಅಸ್ತಿತ್ವ ಆರಂಭವಾದ ವರ್ಷವಲ್ಲ. ಇತಿಹಾಸ ಓದುವವರು ಮೊದಲು ಕಲಿಯಬೇಕಾದ ಪಾಠವಿದು.

ಈ ಪಾಠವನ್ನು ನಾವು ಮರೆಯುವುದು ಲೈಂಗಿಕ ಅಲ್ಪಸಂಖ್ಯಾತರ ವಿಷಯ ಬಂದಾಗ. ಗಂಡನ್ನು ಪ್ರೀತಿಸುವ ಗಂಡು, ಹೆಣ್ಣನ್ನು ಪ್ರೀತಿಸುವ ಹೆಣ್ಣು, ಹುಟ್ಟಿದಾಗ ಬರೆಸಿದ ಲಿಂಗಕ್ಕಿಂತ ಬೇರೆಯಾಗಿ ತಮ್ಮನ್ನು ತಾವು ಅರಿತುಕೊಂಡವರು, ಇವರೆಲ್ಲರೂ ಈಚಿನ ಪಟ್ಟಣವಾಸದ ಸೃಷ್ಟಿಯೆಂದು ಮದುವೆಮನೆಗಳಲ್ಲಿಯೂ ಜಗಲಿಕಟ್ಟೆಗಳಲ್ಲಿಯೂ ಮಾತನಾಡುವವರುಂಟು. ಆಧಾರ ಕೇಳಿದರೆ, ‘ಹಿಂದೆ ಎಲ್ಲಿಯೂ ಬರೆದಿಲ್ಲವಲ್ಲ’ ಎನ್ನುತ್ತಾರೆ.

ಬರೆದಿದ್ದಾರೆ. ಆದರೆ ಬರೆದವರು ಬಹುಮಟ್ಟಿಗೆ ಪೊಲೀಸರು ಮತ್ತು ನ್ಯಾಯಾಲಯದ ಗುಮಾಸ್ತರು. 1860ರ ಭಾರತೀಯ ದಂಡಸಂಹಿತೆಯ 377ನೆಯ ಕಲಮು ‘ಪ್ರಕೃತಿವಿರುದ್ಧ’ವೆಂಬ ಹೆಸರಿನಲ್ಲಿ ಅವರ ಬದುಕನ್ನು ಅಪರಾಧವಾಗಿಸಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೆಯ ಭಾಗವು ಹಿಜ್ರಾಗಳ ಹೆಸರು, ವಾಸಸ್ಥಳಗಳ ಪಟ್ಟಿ ಇಡಲು ಆಜ್ಞಾಪಿಸಿತು. ಇಂದಿನ ಕಲಬುರಗಿ, ಬೀದರ, ರಾಯಚೂರುಗಳನ್ನು ಒಳಗೊಂಡಿದ್ದ ಹೈದರಾಬಾದ್ ಸಂಸ್ಥಾನದಲ್ಲಿಯೂ ಫಸಲಿ 1329ರಲ್ಲಿ, ಎಂದರೆ 1919ರ ಸುಮಾರಿಗೆ, ಅಂಥದೇ ಕಾಯ್ದೆಯಾಯಿತು. ತೆಲಂಗಾಣ ಹೈಕೋರ್ಟು ಅದನ್ನು ಅಸಂವಿಧಾನಿಕವೆಂದು ರದ್ದುಪಡಿಸಿದ್ದು 2023ರಲ್ಲಿ! ಇಲ್ಲದ ಜನರಿಗಾಗಿ ಯಾವ ಸರಕಾರವೂ ಪಟ್ಟಿಯ ಪುಸ್ತಕ ಹೊಲಿಸುವುದಿಲ್ಲ. ಅವರು ಇದ್ದರೆಂಬುದಕ್ಕೆ ಈ ಕಾಯ್ದೆಗಳೇ ಸಾಕ್ಷಿ. ಆದರೆ ಅವರು ಹೇಗೆ ಬಾಳಿದರು, ಯಾರನ್ನು ಪ್ರೀತಿಸಿದರು, ಯಾವ ಹಬ್ಬಕ್ಕೆ ಯಾವ ಸೀರೆ ಉಟ್ಟರು ಎಂಬುದನ್ನು ಆ ಪುಸ್ತಕಗಳು ಹೇಳಲಾರವು.

ಅದನ್ನು ಹೇಳುವ ಆಕರಗಳು ಬೇರೆ. ಹಳೆಯ ಪತ್ರಗಳು, ಛಾಯಾಚಿತ್ರಗಳು, ಸಭೆಯ ಕರಪತ್ರಗಳು, ಧ್ವನಿಮುದ್ರಿಕೆಗಳು, ಮೆರವಣಿಗೆಯ ಫಲಕಗಳು. ಇಂಥವನ್ನು ಸಂಗ್ರಹಿಸಿ ಕಾಪಾಡುವ ‘ಖಮ್ರಾ’ ಎಂಬ ಪತ್ರಾಗಾರವು ನಮ್ಮ ಬೆಂಗಳೂರಿನಲ್ಲಿಯೇ ಇದೆ. ಚಿತ್ರನಿರ್ಮಾಪಕಿ ಟಿ. ಜಯಶ್ರೀ ಮುಂತಾದವರು 2017ರಲ್ಲಿ ಆರಂಭಿಸಿದ ಈ ಕಾರ್ಯಕ್ಕೆ ಈಗ ರಾಷ್ಟ್ರೀಯ ಕಾನೂನು ಶಾಲೆಯು ನೆಲೆ ಒದಗಿಸಿದೆ. 377ನೆಯ ಕಲಮಿನ ವಿರುದ್ಧ ನಡೆದ ಹೋರಾಟದ ದೃಶ್ಯದಾಖಲೆಗಳು ಅದರ ಮುಖ್ಯ ಸಂಗ್ರಹಗಳಲ್ಲೊಂದು. ಆ ಹೋರಾಟದ ಹಾದಿಯಾದರೂ ಎಷ್ಟು ಏರಿಳಿತದ್ದು! 2009ರ ಜುಲೈ 2ರಂದು ದೆಹಲಿ ಹೈಕೋರ್ಟಿನಲ್ಲಿ ಜಯ, 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟಿನಲ್ಲಿ ಸೋಲು, 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟಿನ ಸಂವಿಧಾನ ಪೀಠದಿಂದ ಬಿಡುಗಡೆ. ತೀರ್ಪಿನ ಪ್ರತಿ ಯಾವ ಗ್ರಂಥಾಲಯದಲ್ಲಿಯೂ ಸಿಗುತ್ತದೆ. 2013ರ ಆ ದಿನ ತೀರ್ಪು ಕೇಳಿದವರ ಮುಖ ಹೇಗಿತ್ತೆಂಬುದು ಇಂಥ ಪತ್ರಾಗಾರದಲ್ಲಲ್ಲದೆ ಬೇರೆಲ್ಲಿ ಉಳಿದೀತು?

ಸಂಗ್ರಹವೊಂದಿದ್ದರೆ ಸಾಲದು; ಅದನ್ನು ಜನರೆದುರು ಇಡುವ ಕಲೆಯೂ ಬೇಕು. 1984ರಲ್ಲಿ ಬರ್ಲಿನ್ ಮ್ಯೂಸಿಯಂನಲ್ಲಿ ಆ ನಗರದ ಸಲಿಂಗಪ್ರೇಮಿಗಳ ನೂರು ವರ್ಷಗಳ ಬದುಕನ್ನು ಕುರಿತು ‘ಎಲ್ಡೊರಾಡೊ’ ಎಂಬ ಪ್ರದರ್ಶನ ನಡೆಯಿತು. ಅದರ ಯಶಸ್ಸಿನಿಂದ ಮರುವರ್ಷವೇ ಪ್ರತ್ಯೇಕ ವಸ್ತುಸಂಗ್ರಹಾಲಯವೊಂದು ಹುಟ್ಟಿತು. ಅದೇ ನಗರದಲ್ಲಿ 1919ರಲ್ಲಿ ವೈದ್ಯ ಮಾಗ್ನಸ್ ಹಿರ್ಶ್‌ಫೆಲ್ಡ್ ಸ್ಥಾಪಿಸಿದ್ದ ಸಂಶೋಧನ ಸಂಸ್ಥೆಯನ್ನು 1933ರ ಮೇ 6ರಂದು ನಾಜಿ ವಿದ್ಯಾರ್ಥಿಗಳು ಲೂಟಿಮಾಡಿದ್ದರು. ನಾಲ್ಕು ದಿನಗಳ ಬಳಿಕ ಅಲ್ಲಿನ ಪುಸ್ತಕಗಳು ಚೌಕದಲ್ಲಿ ಬೂದಿಯಾಗಿದ್ದವು. ಕಾಗದಗಳನ್ನು ಸುಡುವವರಿಗೆ ಅವುಗಳ ಬೆಲೆ ಚೆನ್ನಾಗಿಯೇ ತಿಳಿದಿರುತ್ತದೆ.

ಪ್ರದರ್ಶನದಲ್ಲಿ ಆಯ್ಕೆಯ ವಿವೇಕ ಅತಿ ಮುಖ್ಯ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವನ್ನು ನೀವೆಲ್ಲರೂ ನೋಡಿರುತ್ತೀರಿ. ಒಂದು ಚೌಡಿಕೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ‘ತಂತಿವಾದ್ಯ’ವೆಂದು ಚೀಟಿ ಅಂಟಿಸಬಹುದು. ಎಲ್ಲಮ್ಮನ ಪದ ಹಾಡುತ್ತ ಅದನ್ನು ನುಡಿಸಿದ ಜೋಗಪ್ಪನ ಹೆಸರು, ಊರು, ಮಾತುಗಳನ್ನು ಜೊತೆಗಿಟ್ಟರೆ ಅದೇ ಚೌಡಿಕೆ ಒಂದು ಜೀವನಚರಿತ್ರೆಯಾಗುತ್ತದೆ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರ ಕಲೆ ನಮಗೆ ಬೇಕು, ಅವರು ಕಂಡ ಹಸಿವು ಅವಮಾನಗಳು ಬೇಡವೆಂದರೆ ಅದು ಇತಿಹಾಸವಾಗದು.

ಇನ್ನೊಂದು ಎಚ್ಚರಿಕೆ ಸಮ್ಮತಿಯದು. ಹಳೆಯ ವೃತ್ತಪತ್ರಿಕೆಯ ತುಣುಕಿನಲ್ಲಿ ಒಬ್ಬರ ಮುಖ, ವಿಳಾಸ ಅವರನ್ನು ಕೇಳದೆಯೇ ಅಚ್ಚಾಗಿರಬಹುದು. ಅದನ್ನು ಹಾಗೆಯೇ ದೊಡ್ಡದು ಮಾಡಿ ಗೋಡೆಗೆ ತೂಗುಹಾಕಿದರೆ ಅಂದಿನ ಅವಮಾನವನ್ನೇ ಇಂದು ಮತ್ತೆ ಮಾಡಿದಂತಾಗುವುದು. ಬದುಕಿರುವವರನ್ನು ಕೇಳಬೇಕು, ಕೇಳಲಾಗದಿದ್ದಲ್ಲಿ ಹೆಸರನ್ನು ಮುಚ್ಚಿ ಅನುಭವವನ್ನಷ್ಟೇ ಉಳಿಸಬೇಕು. ಎಲ್ಲವನ್ನೂ ಕಾಪಾಡುವುದು, ಎಲ್ಲವನ್ನೂ ತೋರಿಸದಿರುವುದು, ಇವೆರಡೂ ಪತ್ರಾಗಾರದ ಧರ್ಮವೇ.

ಈ ಕಾರ್ಯದಲ್ಲಿ ನಮ್ಮಂಥ ಗೃಹಸ್ಥರಿಗೂ ಪಾಲಿದೆ. ಸಾಮಾನ್ಯ ಮನುಷ್ಯನ ನೆನಪನ್ನು ಕಾಪಾಡುವವರು ಮಕ್ಕಳು, ಮೊಮ್ಮಕ್ಕಳು. ಮನೆಯಿಂದ ಹೊರಹಾಕಲ್ಪಟ್ಟವರ ಟ್ರಂಕನ್ನು ಯಾರು ಕಾಪಾಡುತ್ತಾರೆ? ಮದುವೆಯಾಗದೆ ದೂರದೂರಿನಲ್ಲಿ ಸ್ನೇಹಿತರೊಬ್ಬರೊಡನೆಯೇ ಬಾಳಿ ತೀರಿಕೊಂಡ ಚಿಕ್ಕಪ್ಪನದೋ ಸೋದರತ್ತೆಯದೋ ಪತ್ರಗಳು ಕೈಗೆ ಬಂದರೆ, ಮರ್ಯಾದೆಯ ನೆಪದಲ್ಲಿ ಬಚ್ಚಲೊಲೆಗೆ ಹಾಕುವ ಮೊದಲು ಒಂದು ದಿನ ತಡೆಯಿರಿ. ಅವರ ಬಗ್ಗೆ ಊಹೆ ಕಟ್ಟುವುದು ಬೇಡ, ಊರಿಗೆ ಸಾರುವುದೂ ಬೇಡ. ಆ ಸ್ನೇಹಿತರು ಬದುಕಿದ್ದರೆ ಮೊದಲು ಅವರನ್ನು ಕೇಳಿ. ಆ ಪತ್ರಗಳಲ್ಲಿ ಅವರ ಪಾಲೂ ಇದೆ.

ನಿಮ್ಮಲ್ಲಿಯೇ ಯಾರಾದರೂ ಇದನ್ನು ಓದುತ್ತ ‘ಇದು ನನ್ನ ಕಥೆ’ ಎಂದುಕೊಂಡರೆ, ಅವರಿಗೆ ಹೇಳುವುದಿಷ್ಟೆ: ನಿಮ್ಮ ಕಾಗದಗಳನ್ನು ಹರಿಯಬೇಡಿ. ಅವುಗಳಿಗೆ ಒಂದು ಸ್ಥಳವಿದೆ, ಈ ಮೇಷ್ಟರ ಮನೆಯ ಬಾಗಿಲೂ ತೆರೆದಿದೆ.